ಕಾರಿನ ಮೈಮೇಲಿನ ಸಿಲಿಕಾನ್: ಬಿಡಿಸುವ ಕೈಗೆ ಮೃದುತನ ಬೇಕು



ಮಳೆಗಾಲ ಶುರುವಾಯಿತೆಂದರೆ ಯಾದಗಿರಿ, ಶಹಾಪುರ, ಸುರಪುರದ ಗ್ಯಾರೇಜುಗಳಲ್ಲಿ ಒಂದು ದೂರು ತಪ್ಪದೆ ಕೇಳಿಬರುತ್ತದೆ: ‘ಗಾಡಿ ಒಳಗ ನೀರು ಸೋರತೈತ್ರಿ.’ ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಗೆ ಬಾಗಿಲಿನ ಮತ್ತು ಗಾಜಿನ ರಬ್ಬರ್ ಬೀಡಿಂಗ್ ಒಣಗಿ ಬಿರುಕು ಬಿಟ್ಟಿರುತ್ತದೆ. ಆಗ ಸುಲಭದ ದಾರಿ ಒಂದೇ. ಗ್ಲಾಸ್-ಅಲ್ಯೂಮಿನಿಯಂ ಅಂಗಡಿಯಿಂದ ಒಂದು ಸಿಲಿಕಾನ್ ಟ್ಯೂಬ್ ತಂದು, ಗನ್ನಿಗೆ ಹಾಕಿ, ಸೋರುವ ಜಾಗಕ್ಕೆಲ್ಲ ಬಳಿದುಬಿಡುವುದು. ಡೋರ್ ವೈಸರ್ ಸಡಿಲವಾದರೂ ಅದೇ ಮದ್ದು, ಟಾಪಿನ ಮೇಲಿನ ಕ್ಯಾರಿಯರ್ ಅಲುಗಿದರೂ ಅದೇ ಮದ್ದು. ಒಂದೆರಡು ವರ್ಷದಲ್ಲಿ ಆ ಸಿಲಿಕಾನ್ ಕಪ್ಪಾಗಿ, ಧೂಳು ಹಿಡಿದು, ಅಸಹ್ಯವಾಗಿ ಕಾಣುತ್ತದೆ. ತೆಗೆಯಲು ಹೋದವರು ಬ್ಲೇಡ್ ಹಿಡಿಯುತ್ತಾರೆ. ಸಿಲಿಕಾನ್ ಬರುತ್ತದೆ, ಜೊತೆಗೆ ಬಣ್ಣವೂ ಬರುತ್ತದೆ.

ಇದು ಸಣ್ಣ ವಿಷಯವೆಂದು ತಳ್ಳಿಹಾಕಬೇಡಿ. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದ ಮೇಲೆ ಶಹಾಪುರ, ಸುರಪುರದ ಜನ ಜಿಲ್ಲಾ ಕಚೇರಿಯ ಕೆಲಸಗಳಿಗೆ ಯಾದಗಿರಿಗೇ ಬರುತ್ತಾರೆ. ಈ ದಾರಿಗಳಲ್ಲಿ ಬಾಡಿಗೆ ಕಾರು ಓಡಿಸಿಯೇ ಮನೆ ನಡೆಸುವವರಿದ್ದಾರೆ. ಅವರಿಗೆ ಕಾರು ಎಂದರೆ ರೋಜಿ. ಕಂತು ಇನ್ನೂ ತೀರಿರುವುದಿಲ್ಲ. ಬಣ್ಣ ಹೋದ ಜಾಗಕ್ಕೆ ತುಕ್ಕು ಹಿಡಿದರೆ ಗಾಡಿಯ ಬೆಲೆ ಇಳಿಯುತ್ತದೆ, ಡೆಂಟಿಂಗ್-ಪೇಂಟಿಂಗ್ ಖರ್ಚು ಮೈಮೇಲೆ ಬೀಳುತ್ತದೆ. ಇನ್ನು ಅಣ್ಣನದೋ ಮಾಲೀಕನದೋ ಗಾಡಿಯಾಗಿದ್ದರೆ ಅದು ನಮ್ಮ ಕೈಯಲ್ಲಿರುವ ಅಮಾನತ್. ಅಮಾನತ್ತಿಗೆ ಗೀರು ಬಿದ್ದರೆ ಲೆಕ್ಕ ಕೊಡಬೇಕಾದವರು ನಾವೇ.

ಬಣ್ಣದ ದಪ್ಪ ಎಷ್ಟು?

ಕಾರಿನ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ, ಅದರ ಮೇಲೆ ಹೊಳಪು ಕೊಡುವ ಪಾರದರ್ಶಕ ಪದರ ಹೀಗೆ ಹಲವು ಪದರಗಳಿರುತ್ತವೆ. ಎಲ್ಲ ಸೇರಿದರೂ ಸುಮಾರು 100ರಿಂದ 120 ಮೈಕ್ರಾನ್, ಅಂದರೆ ನಮ್ಮ ನೋಟ್‌ಪುಸ್ತಕದ ಒಂದು ಹಾಳೆಯಷ್ಟು ದಪ್ಪ. ಮೇಲಿನ ಪಾರದರ್ಶಕ ಪದರ ಅದರ ಅರ್ಧಕ್ಕಿಂತ ಕಡಿಮೆ. ಒಂದು ಹಾಳೆಯ ಮೇಲೆ ಅಂಟಿದ ಗೋಂದನ್ನು ಹಾಳೆ ಹರಿಯದಂತೆ ಬಿಡಿಸುವುದು ಎಂದುಕೊಂಡರೆ ಕೆಲಸದ ಸೂಕ್ಷ್ಮ ತಿಳಿಯುತ್ತದೆ.

ಸಿಲಿಕಾನ್ ಗಾಳಿಯಲ್ಲಿರುವ ತೇವಾಂಶದಿಂದ ಗಟ್ಟಿಯಾಗುತ್ತದೆ. ಮೊದಲು ಮೇಲೆ ಚರ್ಮ ಕಟ್ಟುತ್ತದೆ, ನಂತರ ದಿನಕ್ಕೆ ಎರಡು-ಮೂರು ಮಿಲಿಮೀಟರಿನಂತೆ ಒಳಗೆ ಗಟ್ಟಿಯಾಗುತ್ತಾ ಹೋಗುತ್ತದೆ. ಪೂರ್ತಿ ಗಟ್ಟಿಯಾದ ಮೇಲೆ ಸೋಪು, ಬಿಸಿನೀರು, ಸಿರ್ಕಾ, ಯಾವುದಕ್ಕೂ ಕರಗುವುದಿಲ್ಲ. ಥಿನ್ನರಿಗೂ ಕರಗುವುದಿಲ್ಲ. ಥಿನ್ನರಿಗೆ ಕರಗುವುದು ಬಣ್ಣ! ಆದ್ದರಿಂದ ‘ಯಾವ ಔಷಧಿ ಹಚ್ಚಿದರೆ ಕರಗುತ್ತದೆ’ ಎಂಬ ಪ್ರಶ್ನೆಯನ್ನು ಬಿಡಿ. ಹಿಡಿತವನ್ನು ಸಡಿಲಿಸಿ ಎತ್ತುವುದೇ ಇದರ ಉಪಾಯ.

ಹಸಿಯಾಗಿರುವಾಗ

ಸಿಲಿಕಾನ್ ಈಗ ತಾನೇ ಬಿದ್ದಿದೆ ಎನ್ನಿ. ಬಟ್ಟೆಯಿಂದ ಉಜ್ಜಬೇಡಿ, ಉಜ್ಜಿದರೆ ಇನ್ನಷ್ಟು ಹರಡುತ್ತದೆ. ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಕೆನೆ ತೆಗೆದಂತೆ ಮೇಲಕ್ಕೆ ಎತ್ತಿ. ಉಳಿದ ಕಲೆಯನ್ನು ಬಿಳಿ ಟರ್ಪೆಂಟೈನ್ ತೋಯಿಸಿದ ಮೆತ್ತನೆಯ ಬಟ್ಟೆಯಿಂದ ಒರೆಸಿ. ಪ್ರತಿ ಸಲ ಬಟ್ಟೆಯ ಹೊಸ ಮಡಿಕೆ ಬಳಸಿ. ಚರ್ಮ ಕಟ್ಟಿಬಿಟ್ಟಿದ್ದರೆ ಅವಸರ ಬೇಡ. ಪೂರ್ತಿ ಗಟ್ಟಿಯಾಗಲು ಬಿಡಿ. ಅರ್ಧ ಹಸಿ ಸಿಲಿಕಾನ್ ಕಿತ್ತಷ್ಟೂ ಮೆತ್ತಿಕೊಳ್ಳುತ್ತದೆ. ಗಟ್ಟಿಯಾದದ್ದು ರಬ್ಬರಿನಂತೆ ಎದ್ದುಬರುತ್ತದೆ.

ಗಟ್ಟಿಯಾದ ಮೇಲೆ

1. ಮೊದಲು ಗಾಡಿ ತೊಳೆಯಿರಿ. ಶಹಾಪುರ, ಸುರಪುರದ ಕಾಲುವೆ ಭಾಗದಲ್ಲಿ ಭತ್ತದ ಕೊಯ್ಲಿನ ಕಾಲದಲ್ಲಿ ಏಳುವ ಧೂಳು ನಿಮಗೆ ಗೊತ್ತೇ ಇದೆ. ಆ ಧೂಳಿನ ಮೇಲೆ ಬಟ್ಟೆ ಎಳೆದರೆ ಮರಳು ಕಾಗದ ಎಳೆದಂತೆ. ಧಾರಾಳ ನೀರು ಮತ್ತು ಕಾರ್ ಶಾಂಪೂ ಹಾಕಿ ತೊಳೆದು ಒಣಗಿಸಿ.

2. ನಂತರ ಬೆಚ್ಚಗೆ ಮಾಡಿ. ಬೆಳಗಿನ ಎಳೆಬಿಸಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೂ ಸಾಕು, ಇಲ್ಲವೇ ಕೂದಲು ಒಣಗಿಸುವ ಡ್ರೈಯರ್ ಹಿಡಿಯಿರಿ. ಸಿಲಿಕಾನ್ ಕರಗುವುದಿಲ್ಲ, ಅದರ ಹಿಡಿತ ಮಾತ್ರ ಸ್ವಲ್ಪ ಸಡಿಲವಾಗುತ್ತದೆ. ತಗಡು ಕೈಗೆ ಬೆಚ್ಚಗೆ ತಾಗಿದರೆ ಸಾಕು. ಹೀಟ್ ಗನ್ ಬೇಡ, ಕುದಿಯುವ ನೀರೂ ಬೇಡ.

3. ಒಂದು ತುದಿಯನ್ನು ಪ್ಲಾಸ್ಟಿಕ್ ಕಾರ್ಡಿನಿಂದ ಅಥವಾ ಐಸ್‌ಕ್ರೀಮಿನ ಕಟ್ಟಿಗೆ ಕಡ್ಡಿಯಿಂದ ಎಬ್ಬಿಸಿ. ಎದ್ದ ತುದಿಯನ್ನು ಬೆರಳಲ್ಲಿ ಹಿಡಿದು, ಮೈಗೆ ತಾಗಿಸಿಯೇ, ಹಿಂದಕ್ಕೆ ಮಡಚಿ ನಿಧಾನವಾಗಿ ಎಳೆಯಿರಿ. ಮೇಲಕ್ಕೆ ಝಟ್ಟನೆ ಕಿತ್ತರೆ ಸಡಿಲವಿದ್ದ ಬಣ್ಣವೂ ಏಳುತ್ತದೆ.

4. ವೈಸರ್ ಅಥವಾ ಲೋಗೋ ಹಿಂದೆ ದಪ್ಪಗೆ ತುಂಬಿದ್ದರೆ ಮೀನು ಹಿಡಿಯುವ ನೈಲಾನ್ ದಾರವನ್ನು ಸಂದಿಗೆ ತೂರಿಸಿ, ಎರಡೂ ತುದಿ ಹಿಡಿದು ಗರಗಸದಂತೆ ಮೆಲ್ಲಗೆ ಆಡಿಸಿ. ದಾರ ಸಿಲಿಕಾನನ್ನು ಕೊಯ್ಯುತ್ತದೆ. ದಾರ ಬಣ್ಣಕ್ಕೆ ಒತ್ತದಂತೆ ನೋಡಿಕೊಳ್ಳಿ.

ಉಳಿಯುವ ತೆಳು ಜಿಡ್ಡು

ದಪ್ಪ ಭಾಗ ಬಂದ ಮೇಲೂ ಕಣ್ಣಿಗೆ ಸರಿಯಾಗಿ ಕಾಣದ ಒಂದು ಪೊರೆ ಉಳಿಯುತ್ತದೆ. ಹೆಬ್ಬೆರಳಿನಿಂದ ಉಜ್ಜಿದರೆ ಸಣ್ಣ ಸಣ್ಣ ಉಂಡೆಯಾಗಿ ಸ್ವಲ್ಪ ಬರುತ್ತದೆ. ಮಿಕ್ಕದ್ದಕ್ಕೆ ಬಿಳಿ ಟರ್ಪೆಂಟೈನ್ ಅಥವಾ ಮೊಬೈಲ್ ರಿಪೇರಿಯವರು ಬೋರ್ಡ್ ತೊಳೆಯಲು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸಬಹುದು. ಆಲ್ಕೋಹಾಲ್ ಎಂಬ ಹೆಸರು ಕೇಳಿ ಕೆಲವರಿಗೆ ಮನಸ್ಸಿನಲ್ಲಿ ಅಳುಕು ಬರಬಹುದು. ಇದು ಕುಡಿಯುವ ಮದ್ಯವಲ್ಲ, ವಿಷ. ಇಂಥ ವಸ್ತುವಿನ ಹೊರಗಿನ ಬಳಕೆಗೆ ಅನೇಕ ಉಲಮಾಗಳು ಅನುಮತಿ ಹೇಳಿದ್ದಾರೆ. ಆದರೂ ಸಂಶಯ ಉಳಿದವರು ಟರ್ಪೆಂಟೈನ್ ಬಳಸಲಿ, ಕೆಲಸ ಆಗುತ್ತದೆ.

ಗಾಡಿಯನ್ನು ನೆರಳಿಗೆ ತನ್ನಿ, ತಗಡು ತಣ್ಣಗಾಗಲಿ. ಬಾಗಿಲಿನ ಒಳ ಅಂಚಿನಂಥ ಕಾಣದ ಜಾಗದಲ್ಲಿ ಮೊದಲು ಒರೆಸಿ ನೋಡಿ. ಬಟ್ಟೆಗೆ ಕಾರಿನ ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸಿ. ಸ್ಥಳೀಯವಾಗಿ ಪೇಂಟ್ ಹೊಡೆಸಿದ ಗಾಡಿಗಳಲ್ಲಿ, ಅದರಲ್ಲೂ ಹೊಸದಾಗಿ ಹೊಡೆಸಿದ್ದರಲ್ಲಿ ಹೀಗಾಗುವುದುಂಟು. ಬಣ್ಣ ಬರದಿದ್ದರೆ, ತೋಯಿಸಿದ ಬಟ್ಟೆಯನ್ನು ಜಿಡ್ಡಿನ ಮೇಲೆ ಎರಡು-ಮೂರು ನಿಮಿಷ ಇಟ್ಟು ಮೆಲ್ಲಗೆ ಒರೆಸಿ. ನಾಲ್ಕೈದು ಸಲ ಬೇಕಾಗಬಹುದು. ಕೊನೆಗೆ ಶಾಂಪೂ ನೀರಿನಿಂದ ತೊಳೆಯಿರಿ. ಒಣಗಿದ ಮೇಲೆ ಪೇಂಟರುಗಳು ಬಳಸುವ ಮಾಸ್ಕಿಂಗ್ ಟೇಪಿನ ತುಂಡೊಂದನ್ನು ಅಂಟಿಸಿ ನೋಡಿ. ಟೇಪ್ ಹಿಡಿಯದೆ ಜಾರಿದರೆ ಸಿಲಿಕಾನ್ ಇನ್ನೂ ಇದೆ ಎಂದರ್ಥ. ಚೆನ್ನಾಗಿ ಹಿಡಿದರೆ ನುಣ್ಣನೆಯ ಪಾಲಿಶ್ ಮತ್ತು ವ್ಯಾಕ್ಸ್ ಹಚ್ಚಿ ಮುಗಿಸಿ.

ಟರ್ಪೆಂಟೈನ್, ಆಲ್ಕೋಹಾಲ್ ಎರಡೂ ಬೆಂಕಿ ಹಿಡಿಯುವ ವಸ್ತುಗಳು. ಬೀಡಿ, ಸಿಗರೇಟು, ಒಲೆ ಹತ್ತಿರ ಇರಬಾರದು, ಮಕ್ಕಳ ಕೈಗೆ ಸಿಗಬಾರದು. ಕೈಗವಸು ಹಾಕಿಕೊಂಡು, ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡಿ.

ಇವು ಬೇಡವೇ ಬೇಡ

ಬ್ಲೇಡ್, ಚಾಕು, ತಂತಿ ಜುಂಗು, ಪಾತ್ರೆ ತಿಕ್ಕುವ ಸ್ಕ್ರಬ್ಬರ್, ಬೂದಿ ಇವೆಲ್ಲ ಗೀರು ಬೀಳಿಸುತ್ತವೆ. ಪೆಟ್ರೋಲ್, ಥಿನ್ನರ್, ಬ್ರೇಕ್ ಆಯಿಲ್ ಬಣ್ಣ ಕೆಡಿಸುತ್ತವೆ. ಹೆಡ್‌ಲೈಟ್‌ನ ಪ್ಲಾಸ್ಟಿಕ್‌ಗೆ ಥಿನ್ನರ್ ತಾಗಿದರೆ ಜೇಡರ ಬಲೆಯಂಥ ಬಿರುಕು ಮೂಡುತ್ತದೆ. ಮರಳು ಕಾಗದ ಹಚ್ಚಿದರೆ ಸಿಲಿಕಾನ್ ಸುತ್ತಮುತ್ತ ಹರಡುತ್ತದೆ.

ಗೀರು ಬಿದ್ದೇಬಿಟ್ಟಿದ್ದರೆ ಉಗುರು ಆಡಿಸಿ ನೋಡಿ. ಉಗುರು ತಡೆಯದಿದ್ದರೆ ಪಾಲಿಶ್‌ನಲ್ಲಿ ಹೋಗಬಹುದು. ತಡೆದರೆ ಟಚ್-ಅಪ್ ಬೇಕು. ತಗಡು ಕಂಡರೆ ಮಳೆಗೆ ಮೊದಲೇ ಪ್ರೈಮರ್ ಹಚ್ಚಿಸಿ. ಅಂಥ ಜಾಗಕ್ಕೆ ಮತ್ತೆ ಸಿಲಿಕಾನ್ ಬಳಿಯುವುದಂತೂ ಬೇಡ. ಸಿರ್ಕಾದಂತೆ ವಾಸನೆ ಬರುವ ಸಿಲಿಕಾನ್ ಒಣಗುವಾಗ ಅಸೆಟಿಕ್ ಆಮ್ಲ ಬಿಡುತ್ತದೆ, ಬರಿ ತಗಡಿಗೆ ಅದು ತುಕ್ಕು ತರುತ್ತದೆ. ಮುಂದಿನ ದೊಡ್ಡ ಗಾಜು ಸೋರಿದರೆ ಅದಕ್ಕೂ ಸಿಲಿಕಾನ್ ಮದ್ದಲ್ಲ. ಇಂದಿನ ಕಾರುಗಳಲ್ಲಿ ಆ ಗಾಜನ್ನು ಪಾಲಿಯುರಿಥೇನ್ ಅಂಟಿನಿಂದ ಕೂರಿಸಿರುತ್ತಾರೆ. ಸಿಲಿಕಾನ್ ತಾಗಿದ ಜಾಗಕ್ಕೆ ಆ ಅಂಟು ಮತ್ತೆ ಹಿಡಿಯುವುದಿಲ್ಲ. ಅಪಘಾತದಲ್ಲಿ ಒಳಗಿದ್ದವರು ಹೊರಗೆ ಬೀಳದಂತೆ ತಡೆಯುವಲ್ಲಿ ಆ ಗಾಜಿಗೂ ಪಾಲಿದೆ. ಅದನ್ನು ಗಾಜಿನ ಕೆಲಸ ಬಲ್ಲವರಿಂದಲೇ ಸರಿಪಡಿಸಿಕೊಳ್ಳಿ.

ಉಸ್ತಾದರಿಗೆ ನಿಜ ಹೇಳಿ

ಬಣ್ಣ ಹೊಡೆಸುವ ಹಂತಕ್ಕೆ ಬಂದರೆ ಒಂದು ಮಾತು ಮರೆಯಬೇಡಿ. ‘ಉಸ್ತಾದ್, ಈ ಜಾಗದಾಗ ಸಿಲಿಕಾನ್ ಇತ್ತು, ನೋಡಿ ಹೊಡೀರಿ’ ಎಂದು ಮೊದಲೇ ಹೇಳಿ. ಸಿಲಿಕಾನಿನ ಜಿಡ್ಡು ಉಳಿದ ಜಾಗಕ್ಕೆ ಬಣ್ಣ ಹೊಡೆದರೆ ಮೀನಿನ ಕಣ್ಣಿನಂಥ ಗುಳಿಗಳು ಏಳುತ್ತವೆ. ಪಾಪ, ಕಾರಣ ತಿಳಿಯದ ಉಸ್ತಾದ್ ಉಜ್ಜಿ ಮತ್ತೆ ಹೊಡೆಯಬೇಕಾಗುತ್ತದೆ. ಅವರ ಬಣ್ಣವೂ ಹೋಯಿತು, ದಿನದ ಕೂಲಿಯೂ ಹೋಯಿತು. ಒಂದು ಮಾತು ಮುಚ್ಚಿಟ್ಟದ್ದರಿಂದ ಒಬ್ಬ ದುಡಿಯುವವನ ಹಕ್ಕಿಗೆ ಪೆಟ್ಟು ಬೀಳುತ್ತದೆ.

ಗಾಡಿ ಮಾರುವಾಗಲೂ ಅಷ್ಟೇ. ತುಕ್ಕಿನ ತೂತಿಗೆ ಸಿಲಿಕಾನ್ ತುಂಬಿ, ಮೇಲೆ ಬಣ್ಣ ಬಳಿದು ಮಾರುವವರಿದ್ದಾರೆ. ಪ್ರವಾದಿ(ಸ) ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಾಗಿದ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ಮಳೆಗೆ ನೆನೆದದ್ದೆಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನು ಮೇಲಿಡಬಾರದಿತ್ತೇ ಎಂದು ಅವರು ಕೇಳಿದರು, ವಂಚನೆಯ ವಿರುದ್ಧ ಕಠಿಣವಾಗಿ ಎಚ್ಚರಿಸಿದರು. ಸಿಲಿಕಾನಿನ ಅಡಿಯ ತುಕ್ಕು ಆ ರಾಶಿಯ ಅಡಿಯ ತೇವದಂತೆಯೇ. ಕೊಳ್ಳುವವನಿಗೆ ತೋರಿಸಿ, ಹೇಳಿ, ನಂತರ ಬೆಲೆ ಮಾತಾಡಿ. ನಾಲ್ಕು ಕಾಸು ಕಡಿಮೆ ಬಂದರೂ ಬರ್ಕತ್ ಇರುತ್ತದೆ.

ಇನ್ನೊಂದು ಹದೀಸ್ ಈ ಕೆಲಸಕ್ಕೆ ಎಷ್ಟು ಹೊಂದುತ್ತದೆ ನೋಡಿ. ಹಝ್ರತ್ ಆಯಿಶಾ(ರ) ಏರಿದ್ದ ಒಂಟೆ ಮೊಂಡುತನ ಮಾಡುತ್ತಿತ್ತು. ಅವರು ಅದನ್ನು ಜಗ್ಗಾಡತೊಡಗಿದಾಗ ಪ್ರವಾದಿ(ಸ) ಮೃದುವಾಗಿರಲು ತಿಳಿಸಿದರು. ಮೃದುತನ ಸೇರಿದ ಕೆಲಸ ಚೆಲುವಾಗುತ್ತದೆ, ಅದು ತಪ್ಪಿದ ಕೆಲಸ ಕೆಡುತ್ತದೆ ಎಂಬುದು ಅವರ ಬೋಧನೆಯ ಸಾರ. ಅಂದಿನ ಸವಾರಿ ಒಂಟೆ, ಇಂದಿನ ಸವಾರಿ ಕಾರು. ಬ್ಲೇಡ್ ಹಿಡಿದರೆ ಹತ್ತು ನಿಮಿಷದ ಕೆಲಸ, ಆದರೆ ಅದರ ಗುರುತು ಗಾಡಿ ಇರುವವರೆಗೂ ಇರುತ್ತದೆ. ಕಾರ್ಡು, ದಾರ, ಬಟ್ಟೆ ಹಿಡಿದರೆ ಒಂದು ಮಧ್ಯಾಹ್ನ ಹಿಡಿಯಬಹುದು, ಆದರೆ ಬಣ್ಣ ಉಳಿಯುತ್ತದೆ. ಮಕ್ಕಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ತೋರಿಸಿ. ಇನ್ನೊಬ್ಬರ ವಸ್ತುವನ್ನು ಹೇಗೆ ಮುಟ್ಟಬೇಕೆಂದು ಅವರು ಕಲಿಯಲಿ.

ಅಲ್ಲಾಹನು ನಮ್ಮ ಕೈಗೆ ಮೃದುತನವನ್ನೂ ನಾಲಿಗೆಗೆ ಸತ್ಯವನ್ನೂ ದುಡಿಮೆಗೆ ಬರ್ಕತ್ತನ್ನೂ ದಯಪಾಲಿಸಲಿ. ಆಮೀನ್.