ಅರ್ಥವರಿಯದ ಮುದ್ರೆಗಳು

ನಮ್ಮ ಬಾಲಿಕೆಯರ ಮೊಬೈಲಿನಲ್ಲಿ ನಗುಮುಖ, ಹೂವುಗಳೇ ಮೊದಲಾದ ಎಮೋಜಿಗಳನ್ನು ದಾಟಿ ಮುಂದೆ ಹೋದರೆ, ಜಪಾನೀ ಅಕ್ಷರಗಳುಳ್ಳ ಹದಿನೇಳು ಬಣ್ಣದ ಮುದ್ರೆಗಳು ಕಾಣುವುವು. ಅಂದವಾಗಿವೆಯೆಂದು ಇವುಗಳನ್ನು ಒತ್ತುವವರು ಅನೇಕರು. ಅರ್ಥವನ್ನು ವಿಚಾರಿಸುವವರು ವಿರಳ.

ಸಿದ್ಧಾರ್ಥನಗರದ ಬಾಲಿಕೆಯೊಬ್ಬಳು, ಪರೀಕ್ಷೆಯಲ್ಲಿ ತೇರ್ಗಡೆಯಾದ ಗೆಳತಿಗೆ ಶುಭವನ್ನು ಕೋರಲೆಂದು, ಕುಂಕುಮದಂತೆ ಕೆಂಪಗೆ ದುಂಡಗಿದ್ದ ಮುದ್ರೆಯೊಂದನ್ನು ತರಗತಿಯವರೆಲ್ಲರೂ ಓದುವಂತೆ ಕಳುಹಿಸಿದಳು. ಮತ್ತೊಬ್ಬಳು ಅದರ ಅರ್ಥವನ್ನು ಹುಡುಕಲು, ‘ರಹಸ್ಯ’ವೆಂದು ತಿಳಿಯಿತು. ಗೆದ್ದವಳ ಅಂಕಗಳಲ್ಲಿ ಏನೋ ಗುಟ್ಟುಂಟೆಂದು ಪಿಸುಮಾತು ಹಬ್ಬಿತು. ಹರಸಬಂದ ಮುದ್ರೆ ಇಬ್ಬರನ್ನೂ ಅಳಿಸಿತು.

ತಪ್ಪುವುದು ಸುಲಭವೇ ಸರಿ. ಕೆಂಪು ದುಂಡುಮುದ್ರೆಗಳು ಎರಡುಂಟು. ಒಂದು ‘ಶುಕು’, ಎಂದರೆ ಅಭಿನಂದನೆ. ಇನ್ನೊಂದು ‘ಹಿ’, ಎಂದರೆ ರಹಸ್ಯ. ಜಪಾನಿನಲ್ಲಿ ಗೋಪ್ಯವಾದ ಕಾಗದಗಳ ಮೇಲೆ ಒತ್ತುವ ಠಸ್ಸೆಯೇ ಈ ಎರಡನೆಯದು. ಅರಿಯದ ಕಣ್ಣಿಗೆ ಎರಡೂ ಒಂದೇ ತೆರನಾಗಿ ತೋರುವುವು. ತೇರ್ಗಡೆಗೆ ಬೇರೆಯೇ ಮುದ್ರೆಯಿದೆ. ಅದು ನಮ್ಮ ಗೋಕಾಕವನ್ನು ನೆನಪಿಗೆ ತರುವ ‘ಗೋಕಕು’ ಎಂಬ ಮಾತಿನ ಮೊದಲಕ್ಷರ. ಉಳಿದವುಗಳಲ್ಲಿ ಹಲವು ಅಂಗಡಿ, ವಸತಿಗೃಹಗಳ ಫಲಕದ ಮಾತುಗಳು: ಸ್ಥಳವಿದೆ, ಸ್ಥಳವಿಲ್ಲ, ರಿಯಾಯಿತಿ, ಉಚಿತ, ನಿಷಿದ್ಧ. ಜಪಾನಿನ ದೂರವಾಣಿ ಕಂಪನಿಗಳು ತಮ್ಮ ಜನರಿಗಾಗಿ ಬಳಸುತ್ತಿದ್ದ ಇವುಗಳಲ್ಲಿ ಬಹುಭಾಗವು 2010ರಲ್ಲಿ ಯೂನಿಕೋಡ್ ಎಂಬ ಲೋಕಸಾಮಾನ್ಯವಾದ ಲಿಪಿಪಟ್ಟಿಯನ್ನು ಸೇರಿದುದರಿಂದ, ಮೈಸೂರಿನ ನಮ್ಮ ಕೈಗೂ ಬಂದುವು.

ಗೆಳತಿಯರು ತಮ್ಮೊಳಗೆ ಒಪ್ಪಿಕೊಂಡ ಅರ್ಥವೇ ಸಾಲದೇ ಎಂದು ಕೆಲವರು ಕೇಳಬಹುದು. ಇಬ್ಬರ ನಡುವೆ ಅದು ಸಾಕು. ಹತ್ತು ಜನರು ಓದುವಲ್ಲಿ ಸಾಲದು. ಪರದೇಶದ ಕನ್ಯೆಯೊಬ್ಬಳು ನಮ್ಮ ಲಿಪಿಯ ದುಂಡಗಿನ ಚೆಲುವಿಗೆ ಮರುಳಾಗಿ, ‘ಮನೆ ಬಾಡಿಗೆಗೆ ಇದೆ’ ಎಂಬ ಬರೆಹವುಳ್ಳ ಉಡುಪನ್ನು ತೊಟ್ಟು ನಮ್ಮ ಬೀದಿಗೆ ಬಂದರೆ ನಾವು ನಗದೆ ಇರುವೆವೇ? ಅವಳಿಗೆ ಅದು ಚಿತ್ತಾರ. ನಮಗೆ ಅದು ಮಾತು. ಪರರ ಅಕ್ಷರಗಳನ್ನು ಬಳಸುವಾಗ ನಾವೂ ಆ ಕನ್ಯೆಯ ಸ್ಥಾನದಲ್ಲಿರುವೆವು.

ಆದಕಾರಣ ಈ ಮುದ್ರೆಗಳನ್ನು ಬಿಡಿರೆಂದು ನಾವು ಹೇಳುವುದಿಲ್ಲ. ಕಲಿತು ಬಳಸಿರೆಂದು ಹೇಳುವೆವು. ಹದಿನೇಳನ್ನು ಕಲಿಯಲು ಒಂದು ಸಂಜೆ ಸಾಕು. ಅಷ್ಟು ಬಿಡುವಿಲ್ಲದವರಿಗೆ ‘ಅಭಿನಂದನೆಗಳು’ ಎಂಬ ಕನ್ನಡದ ಮಾತು ಇದ್ದೇ ಇದೆ. ಆ ಮಾತನ್ನು ಬರೆದಿದ್ದರೆ ಅಂದು ಯಾರೂ ಅಳಬೇಕಾಗಿರಲಿಲ್ಲ.