ಕೂಲಿ ಬಗ್ಗೆನಾ, ಕುಲದ ಬಗ್ಗೆನಾ?

(ಭಾಗ 1)
ಸುಗ್ಗಿ ಮುಗಿದ ಮ್ಯಾಲ ನಮ್ಮ ದೇವದುರ್ಗ ಬಸ್ ಸ್ಟ್ಯಾಂಡ್ ನೋಡೀರೇನು ಗೆಳೆಯರೇ? ಗಂಟುಮೂಟೆ, ಪಾತ್ರೆ ತುಂಬಿದ ಚೀಲ, ಕಂಕುಳಾಗ ಕೂಸು. ಬೆಂಗಳೂರು, ಪುಣೆ ಕಡೆ ಗುಳೆ ಹೊರಟವರು. ನಮ್ಮ ಕ್ಲಾಸಿನಾಗೂ ಒಂದೆರಡು ಬೆಂಚು ಖಾಲಿ ಆಗ್ತಾವ. ಇಲ್ಲಿ ಅವರು ನಮ್ಮವರು. ಬಸ್ ಇಳಿದ ಕೂಡಲೇ "ಹೊರಗಿನವರು".

(ಭಾಗ 2)
ಈಗ ಮಾನ್ವಿ ಕಡೆ ಬರ್ರಿ. 1950ರ ದಶಕದಲ್ಲಿ ತುಂಗಭದ್ರಾ ಅಣೆಕಟ್ಟು ಆದ ಮೇಲೆ ಆಂಧ್ರದ ರೈತರು ಬಂದು, ಒಣಭೂಮಿ ಕೊಂಡು, ಭತ್ತ ಬೆಳೆದರು. ಅವರ ಊರಿಗೆ ಇವತ್ತಿಗೂ "ಕ್ಯಾಂಪ್" ಅಂತೀವಿ. ಕಡಿಮೆ ರೇಟಿಗೆ ಹೊಲ ಮಾರಿ, ಆಮೇಲೆ ಅಂಥ ಗದ್ದೆಗೇ ಕೂಲಿಗೆ ಹೋದವರ ಸಂಕಟ ಸುಳ್ಳಲ್ಲ. ಆದ್ರ ಹೊಲ ಸಮ ಮಾಡಾಕ ಬೇಕಾದ ಸಾಲ ನಮ್ಮ ರೈತರಿಗೆ ಯಾಕ ಸಿಗಲಿಲ್ಲ? ಆ ಪ್ರಶ್ನೆ ಕೇಳಬೇಕಾದ್ದು ಸರ್ಕಾರಕ್ಕ.

(ಭಾಗ 3)
ಅಮೆರಿಕ, ಯುರೋಪಿನ ಜಗಳದಾಗೂ ಎರಡು ಮಾತು ಕಲಸಿಬಿಟ್ಟಾವ. ಒಂದು, "ನಮ್ಮ ಕೆಲಸ ಹೋಯ್ತು, ಮನೆ ಬಾಡಿಗೆ ಏರಿತು." ಇದಕ್ಕ ಕೂಲಿ ಕಾನೂನು, ಮನೆ ಕಟ್ಟೋದು ಅಂತ ಉತ್ತರ ಅದ. ಇನ್ನೊಂದು, "ಇವರು ನಮ್ಮ ಜನಾಂಗದ ಜಾಗವನ್ನೇ ತುಂಬ್ತಾರೆ." 2011ರಲ್ಲಿ ಫ್ರಾನ್ಸಿನ ಲೇಖಕ ರೆನೊ ಕಾಮ್ಯು ಇದಕ್ಕ "ಗ್ರೇಟ್ ರಿಪ್ಲೇಸ್‌ಮೆಂಟ್" ಅಂತ ಹೆಸರಿಟ್ಟ. ಅದನ್ನ ನಂಬಿದ ಒಬ್ಬ 2019ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ 51 ಜನರನ್ನ ಕೊಂದ. ಆ ಭಯಕ್ಕ ಯಾವ ಕಾನೂನಿನಾಗೂ ಉತ್ತರ ಇಲ್ಲ. ಯಾಕಂದ್ರ ಅದು ಮನುಷ್ಯ ಏನು ಮಾಡಿದ ಅಂತ ಕೇಳೋದಿಲ್ಲ, ಯಾರ ಹೊಟ್ಟ್ಯಾಗ ಹುಟ್ಟಿದ ಅಂತ ಕೇಳ್ತದ.

(ಭಾಗ 4)
"ಹಂಗಾರ ನಮ್ಮ 371ಜೆ?" ಅಂತ ಕೇಳ್ತೀರಿ. ಕೇಳ್ರಿ, ಸರಿಯಾದ ಪ್ರಶ್ನೆ. ಅದೂ ಸ್ಥಳೀಯರಿಗೆ ಕೊಟ್ಟ ಮೀಸಲಾತಿನೇ. ಆದ್ರ ಅದು ಹಿಂದುಳಿದ ಪ್ರದೇಶಕ್ಕ ಸೀಟು, ನೌಕರಿ ಕೊಡ್ತದ. ಯಾರನ್ನೂ ಕೀಳು ಅನ್ನೋದಿಲ್ಲ. ಹಕ್ಕು ಕೇಳೋದು ಬೇರೆ, ಇನ್ನೊಬ್ಬನ್ನ ದ್ವೇಷ ಮಾಡೋದು ಬೇರೆ.

ಮುಂದಿನ ಸಲ "ಹೊರಗಿನವರನ್ನ ಓಡಸ್ರಿ" ಅನ್ನೋ ರೀಲ್ಸ್ ಶೇರ್ ಮಾಡೋ ಮೊದಲು ಒಂದು ನಿಮಿಷ ನಿಲ್ರಿ. ಈ ಮಾತು ಕೂಲಿ ಬಗ್ಗೆನಾ, ಕುಲದ ಬಗ್ಗೆನಾ? ಕೂಲಿ ಬಗ್ಗೆ ಆದ್ರ ಕೂತು ಮಾತಾಡೋಣ. ಕುಲದ ಬಗ್ಗೆ ಆದ್ರ ನೆನಪಿರಲಿ, ಬೆಂಗಳೂರಿನ ಯಾವುದೋ ಕಟ್ಟಡದ ಕೆಳಗ, ತಗಡಿನ ಶೆಡ್‌ನಾಗ ಮಲಗಿದವರು ನಮ್ಮ ಅವ್ವ-ಅಪ್ಪನೇ.

ನಿಮ್ಮ ಮನ್ಯಾಗ ಯಾರು ಗುಳೆ ಹೋಗ್ಯಾರ? ಅಲ್ಲಿ ಅವರನ್ನ ಏನಂತ ಕರೀತಾರ? ಕಮೆಂಟಿನಾಗ ಬರೀರಿ.

#ದೇವದುರ್ಗ #ಗುಳೆ #ನಮ್ಮರಾಯಚೂರು