ಗುಂಡಿನ ಅಳತೆಯೂ ಸಂಕಲ್ಪದ ತೂಕವೂ

ಅಮೆರಿಕ, ಇಂಗ್ಲೆಂಡ್ ಮೊದಲಾದ ದೇಶಗಳಲ್ಲಿ ಜಿಂಕೆಯ ಬೇಟೆ ಕಾನೂನುಸಮ್ಮತ. ಅಲ್ಲಿಯ ಬೇಟೆಗಾರರಲ್ಲಿ ಎಂದೂ ಮುಗಿಯದ ಚರ್ಚೆಯೊಂದುಂಟು: ಜಿಂಕೆಗೆ ಯಾವ ಕ್ಯಾಲಿಬರಿನ ರೈಫಲ್, ಎಂಥ ಗುಂಡು ಯೋಗ್ಯ? .243 ಸಾಕೆನ್ನುವವರು ಕೆಲವರು; .308 ಅಥವಾ .30-06 ಬೇಕೆನ್ನುವವರು ಹಲವರು. ಸರಿಯಾದ ಗುಂಡನ್ನು ಆರಿಸಿಕೊಂಡವನ ಬೇಟೆ ‘ನೀತಿಯುತ’ವಾದುದು, ಅವನು ದಯಾಪರನು ಎಂಬುದು ಈ ಚರ್ಚೆಯ ಇಂಗಿತ. ಆ ದೇಶಗಳಲ್ಲಿ ನೆಲೆಸಿದ ಜೈನ ಕುಟುಂಬಗಳ ಮಕ್ಕಳು ನಾಳೆ ಈ ಮಾತನ್ನು ಮುಂದಿಟ್ಟರೆ ಹಿರಿಯರ ಬಳಿ ಉತ್ತರವಿರಬೇಕಾಗುತ್ತದೆ.

ಪೂರ್ವಪಕ್ಷವನ್ನು ಮೊದಲು ಪ್ರಾಮಾಣಿಕವಾಗಿ ಮಂಡಿಸಬೇಕು. ದುರ್ಬಲವಾದ ಗುಂಡು ತಗುಲಿದ ಜಿಂಕೆ ಕೂಡಲೇ ಸಾಯದೆ ಪೊದೆಗಳೊಳಗೆ ಓಡಿಹೋಗಿ ಬಹುಕಾಲ ನರಳಬಹುದು. ಪೂರ್ಣ ಲೋಹಕವಚದ ಗುಂಡು ದೇಹವನ್ನು ಸೂಜಿಯಂತೆ ತೂರಿ ಹೊರಬೀಳಬಹುದು. ಮೃದುತುದಿಯ ಗುಂಡಾದರೋ ಒಳಹೊಕ್ಕೊಡನೆ ಅಣಬೆಯಂತೆ ಅರಳಿ ಹೃದಯ, ಶ್ವಾಸಕೋಶಗಳನ್ನು ಛಿದ್ರಗೊಳಿಸುತ್ತದೆ. ಆದುದರಿಂದಲೇ ಇಂಗ್ಲೆಂಡ್ ಮತ್ತು ವೇಲ್ಸಿನ 1991ರ ಜಿಂಕೆ ಕಾಯಿದೆಯಲ್ಲಿ, ಎರಡು ಸಣ್ಣ ಜಾತಿಗಳನ್ನುಳಿದು, ರೈಫಲಿನ ಕ್ಯಾಲಿಬರ್ 0.240 ಅಂಗುಲಕ್ಕೂ ನಳಿಗೆಯ ಬಾಯಲ್ಲಿ ಗುಂಡಿನ ಶಕ್ತಿ 1,700 ಅಡಿ-ಪೌಂಡಿಗೂ ಕಡಮೆಯಿರಕೂಡದೆಂದೂ, ಗುಂಡು ಮೃದುತುದಿಯದೋ ಟೊಳ್ಳುತುದಿಯದೋ ಆಗಿರಬೇಕೆಂದೂ ವಿಧಿಸಲಾಗಿದೆ. ಇದರಿಂದ ನರಳಾಟ ಕಡಮೆಯಾಗುವುದು ಸತ್ಯ. ಅದನ್ನು ಅಲ್ಲಗಳೆಯುವುದು ವಾದವಲ್ಲ, ಹಠ.

ಆದರೆ ಇದೇ ಅರಳುವ ಗುಂಡಿನ ಚರಿತ್ರೆಯನ್ನು ನೋಡಬೇಕು. ಕಲ್ಕತ್ತೆಯ ಬಳಿಯ ದಮ್ ದಮ್ ಶಸ್ತ್ರಾಗಾರದಲ್ಲಿ 1890ರ ದಶಕದಲ್ಲಿ ತಯಾರಾಗಿ ಆ ಊರಿನ ಹೆಸರನ್ನೇ ಪಡೆದ ಇಂಥ ಗುಂಡುಗಳನ್ನು 1899ರ ಹೇಗ್ ಘೋಷಣೆಯು ಯುದ್ಧದಲ್ಲಿ ನಿಷೇಧಿಸಿತು. ಮನುಷ್ಯನ ಮೇಲೆ ಪ್ರಯೋಗವಾದರೆ ಕ್ರೌರ್ಯ; ಜಿಂಕೆಯ ಮೇಲೆ ಪ್ರಯೋಗವಾದರೆ ಕರುಣೆ! ಬೇಟೆಗಾರನ ಉತ್ತರ ಸಿದ್ಧವಾಗಿದೆ: ಸೈನಿಕನನ್ನು ಗಾಯಗೊಳಿಸಿದರೆ ಸಾಕು, ಜಿಂಕೆಯನ್ನು ಕೊಲ್ಲಲೇಬೇಕು. ಆ ‘ಕೊಲ್ಲಲೇಬೇಕು’ ಎಂಬಲ್ಲಿಯೇ ಪ್ರಶ್ನೆಯೆಲ್ಲ ಅಡಗಿದೆ. ಕ್ಯಾಲಿಬರಿನ ಚರ್ಚೆ ತೊಡಗುವುದು ಆ ನಿರ್ಧಾರವಾದ ಮೇಲೆ. ನಿರ್ಧಾರವನ್ನು ಅದು ಮುಟ್ಟುವುದೇ ಇಲ್ಲ.

ಜೈನಾಚಾರ್ಯರು ಮುಟ್ಟಿದ್ದು ಅದನ್ನೇ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ವಿಂಗಡಿಸಿ, ಅಡುಗೆಮನೆ, ಹೊಲ, ಅಂಗಡಿಗಳಲ್ಲಿ ಗೃಹಸ್ಥನಿಗೆ ಅನಿವಾರ್ಯವಾದುದನ್ನು ಅವರು ಸಹಿಸಿದರು. ಸಂಕಲ್ಪೀ ಹಿಂಸೆಗೆ ಮಾತ್ರ ರಿಯಾಯಿತಿ ಕೊಡಲಿಲ್ಲ. ಬೇಟೆ ಸಪ್ತವ್ಯಸನಗಳಲ್ಲೊಂದು. ಜನ್ನನ ಯಶೋಧರ ಚರಿತೆಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಅರಸನು ಭವಭವಾಂತರಗಳಲ್ಲಿ ಬಳಲಿದನು. ಕೋಳಿಗೆಷ್ಟು ನೋವಾಯಿತೆಂದು ಅಲ್ಲಿ ಯಾರೂ ಅಳೆಯಲು ಹೋಗಲಿಲ್ಲ.

ತೋಳಗಳಿಲ್ಲದ ಬ್ರಿಟನ್ನಿನಲ್ಲಿ ಜಿಂಕೆಗಳು ಮಿತಿಮೀರಿ ಎಳೆಯ ಸಸಿಗಳನ್ನು ತಿಂದುಹಾಕುತ್ತವೆಂಬ ವಾದವೂ ಉಂಟು. ನಿಜ, ಆದರೆ ಆ ತೋಳಗಳನ್ನು ನಿರ್ಮೂಲಗೊಳಿಸಿದವನೂ ಮನುಷ್ಯನೇ. ಕಾಡನ್ನು ಕಾಯಲು ನೇಮಕಗೊಂಡವನಿಗೂ ಕೊಂಬುಗಳನ್ನು ಗೋಡೆಗೆ ತಗುಲಿಸುವ ಆಸೆಯಿಂದ ಹಣ ತೆತ್ತು ಬರುವವನಿಗೂ ಅಂತರವಿದೆ. ಗುಂಡಿನಂಗಡಿಯ ಪಟ್ಟಿಗೆ ಆ ಅಂತರ ಕಾಣದು. ಗುಂಡಿಗಾದರೂ ಎಲ್ಲೆ ಎಲ್ಲಿದೆ? ಕಾಡಿನಲ್ಲಿ ಬಿಟ್ಟುಹೋದ ಕರುಳಿನೊಳಗಣ ಸೀಸದ ಚೂರುಗಳು ಕಾಂಡರ್ ರಣಹದ್ದುಗಳಿಗೆ ವಿಷವಾದುವು. ಕ್ಯಾಲಿಫೋರ್ನಿಯವು 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸದ ಗುಂಡನ್ನೇ ನಿಷೇಧಿಸಬೇಕಾಯಿತು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಜಿಂಕೆಯ ಬೇಟೆ ಅಪರಾಧ. ಹೀಗಾಗಿ ಇದು ಪರದೇಶದ ಸಂಗತಿಯೆಂದು ಸುಮ್ಮನಾಗುವವರಿದ್ದಾರೆ. ಬಂಡವಾಳಕ್ಕೆ ದೇಶದ ಗಡಿಯಿಲ್ಲ. ಅನರ್ಥದಂಡದ ಐದು ಭೇದಗಳಲ್ಲಿ ಪಾಪೋಪದೇಶವೂ ಹಿಂಸಾದಾನವೂ ಸೇರಿವೆ: ಕೊಲ್ಲುವ ಉಪಾಯ ಹೇಳಿಕೊಡುವುದು ಮೊದಲನೆಯದು, ಕೊಲ್ಲುವ ಸಾಧನ ಒದಗಿಸುವುದು ಎರಡನೆಯದು. ಮದ್ದುಗುಂಡಿನ ಕಂಪನಿಯ ಲಾಭಾಂಶವನ್ನು ತಂದು, ಜಿಂಕೆಯೇ ಲಾಂಛನವಾಗಿರುವ ಶಾಂತಿನಾಥ ಸ್ವಾಮಿಯ ಬಸದಿಗೆ ಕಳಶವಿಡಿಸುತ್ತೇನೆಂದು ದಾನಿಯೊಬ್ಬನು ಬಂದರೆ ಆಡಳಿತ ಮಂಡಲಿಯವರು ಏನು ಮಾಡುವರು? ರಸೀದಿ ಬರೆಯುವ ಮುನ್ನ ಹಣದ ಮೂಲವನ್ನು ವಿಚಾರಿಸುವ ನಿಯಮವನ್ನು ಟ್ರಸ್ಟುಗಳು ಮುಂದಿನ ವಾರ್ಷಿಕ ಸಭೆಯಲ್ಲಿಯೇ ಅಂಗೀಕರಿಸಬೇಕು.